ಪೊರೆಯ ಪ್ರೋಟೀನು ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: 2013 ಮೊದಲಲ್ಲ

ಜೀವಕೋಶದ ಪೊರೆಯಲ್ಲಿರುವ ಪ್ರೋಟೀನಿನ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮೊದಲು ತೋರಿಸಿದ್ದು 2013ರಲ್ಲಿ, ಅದಕ್ಕೂ ಮುಂಚೆ ಪ್ರೋಟೀನಿನ ಸ್ಫಟಿಕಕ್ಕೆ ಎಕ್ಸ್-ರೇ ಹಾಯಿಸುವುದೊಂದೇ ದಾರಿ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಕೇಂಬ್ರಿಜ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಮತ್ತು ನೈಜಲ್ ಅನ್ವಿನ್ 1975ರಲ್ಲೇ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪೊರೆಯ ಪ್ರೋಟೀನಿನ ಮೂರು ಆಯಾಮದ ನಕ್ಷೆ ಪ್ರಕಟಿಸಿದ್ದರು. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ನೇರಳೆ ಪೊರೆಯಲ್ಲಿ ಈ ಪ್ರೋಟೀನು ತಾನಾಗಿಯೇ ಸ್ಫಟಿಕದಂತೆ ಸಾಲುಗಟ್ಟಿರುತ್ತದೆ. ತೊಂದರೆ ಏನೆಂದರೆ, ಎಲೆಕ್ಟ್ರಾನುಗಳ ಹೊಡೆತಕ್ಕೆ ಮಾದರಿಯೇ ಹಾಳಾಗುತ್ತದೆ. ಅವರು ರೂಢಿಯಲ್ಲಿದ್ದ ಭಾರಲೋಹದ ಲೇಪ ಬಿಟ್ಟು ಗ್ಲೂಕೋಸಿನಲ್ಲಿ ಪೊರೆಯನ್ನು ಹುದುಗಿಸಿದರು, ತೀರಾ ಕಡಿಮೆ ಎಲೆಕ್ಟ್ರಾನು ಹಾಯಿಸಿದರು, ಮಾದರಿಯನ್ನು ಬೇರೆಬೇರೆ ಕೋನಕ್ಕೆ ವಾಲಿಸಿ ಚಿತ್ರ ತೆಗೆದರು. ಚಿತ್ರಗಳಲ್ಲಿ ಬರಿಗಣ್ಣಿಗೆ ಏನೂ ಕಾಣದು. ಸಾವಿರಾರು ಅಣುಗಳ ಸರಾಸರಿ ತೆಗೆದಾಗ 7 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್; ಅಂಕಿ ಕಡಿಮೆಯಾದಷ್ಟೂ ವಿವರ ಹೆಚ್ಚು) ಸ್ಪಷ್ಟತೆಯಲ್ಲಿ ಪೊರೆ ದಾಟುವ ಏಳು ಸುರುಳಿಗಳು ಮೂಡಿದವು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ಹೆಚ್ಚು ಸಾಹಸದ ಕೆಲಸ.

ಪೊರೆಯ ಪ್ರೋಟೀನೊಂದರ ಪರಮಾಣು ಮಟ್ಟದ ವಿವರ ಮೊದಲು ಸಿಕ್ಕಿದ್ದು ಎಕ್ಸ್-ರೇಯಿಂದ, 1985ರಲ್ಲಿ. ಸಂದೇಶದಲ್ಲಿ ನಿಜಕ್ಕೆ ಹತ್ತಿರವಿರುವುದು ಅಷ್ಟೇ. 1990ರಲ್ಲಿ ಹೆಂಡರ್ಸನ್ ತಂಡ ಬ್ಯಾಕ್ಟೀರಿಯೊರೊಡಾಪ್ಸಿನ್ ವಿಷಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೇ ಆ ಮಟ್ಟ ಮುಟ್ಟಿತು.

ಹಾಗಾದರೆ 2013ರ ಹೊಸತೇನು? ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ಟಿಆರ್‌ಪಿವಿ1 ಪ್ರೋಟೀನನ್ನು ಯಿಫಾನ್ ಚೆಂಗ್ ಮತ್ತು ಡೇವಿಡ್ ಜೂಲಿಯಸ್ ತಂಡಗಳು ಸ್ಫಟಿಕವಿಲ್ಲದೆ, ಹೆಪ್ಪುಗಟ್ಟಿಸಿದ ಬಿಡಿ ಅಣುಗಳಿಂದಲೇ 3.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಬಿಡಿಸಿದವು.