ಸತ್ಯಾಂಶ: ಹೆಸರಿನ ಮುಂದಿನ 'ಮ್ಯಾಕ್' ಯಾರದು?

ಉಪನಾಮದ ಮೊದಲಿಗೆ ಎಂ-ಎ-ಸಿ ಇದ್ದರೆ ಸ್ಕಾಟ್ಲೆಂಡಿನವರು, ಬರೀ ಎಂ-ಸಿ ಇದ್ದರೆ ಐರ್ಲೆಂಡಿನವರು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ನಿಜವಲ್ಲ. ಎರಡೂ 'ಮ್ಯಾಕ್' ಎಂಬ ಒಂದೇ ಪದ. ಐರಿಷ್ ಹಾಗೂ ಸ್ಕಾಟಿಷ್ ಗೇಲಿಕ್ ಎರಡೂ ಭಾಷೆಗಳಲ್ಲಿ ಅದರ ಅರ್ಥ 'ಮಗ'. ಹಳೆಯ ದಾಖಲೆಗಳಲ್ಲಿ ದೊಡ್ಡ ಎಂ ಬರೆದು, ಪುಟ್ಟ ಸಿ ಅಕ್ಷರವನ್ನು ಅದರ ಹೆಗಲಿಗೇರಿಸಿ, ಕೆಲವೊಮ್ಮೆ ಕೆಳಗೊಂದು ಗೆರೆ ಎಳೆದಿರುವುದು ಕಾಣುತ್ತದೆ. ನಾವು ಡಾಕ್ಟರ್ ಎಂಬುದನ್ನು 'ಡಾ.' ಎಂದು ಮೊಟಕುಗೊಳಿಸುವ ಹಾಗೆಯೇ ಇದೂ.

ಮೆಕಾರ್ಥಿ ಹೆಸರನ್ನೇ ನೋಡಿ. 1045ರಲ್ಲಿ ತೀರಿಕೊಂಡ ಕಾರ್ಥಾಕ್ ಎಂಬ, ಐರ್ಲೆಂಡಿನ ಮನ್‌ಸ್ಟರ್ ಪ್ರಾಂತ್ಯದ ಒಬ್ಬ ಅರಸನ ಸಂತತಿಯಿಂದ ಬಂದ ಅಪ್ಪಟ ಐರಿಷ್ ಹೆಸರು ಅದು. ಬ್ಲಾರ್ನಿ ಕೋಟೆ ಕಟ್ಟಿಸಿದ ಮನೆತನವೂ ಇದೇ. ಇಂದಿಗೂ ಈ ಹೆಸರಿನವರು ಹೆಚ್ಚಾಗಿ ಸಿಗುವುದು ಕಾರ್ಕ್ ಕೌಂಟಿಯಲ್ಲಿ. ಇಂಗ್ಲಿಷಿನಲ್ಲಿ ಇದನ್ನು ಎರಡೂ ಬಗೆಯಲ್ಲಿ ಬರೆಯುತ್ತಾರೆ. ಸ್ಕಾಟ್ಲೆಂಡಿನ ಮೆಗ್ರೆಗರ್ ಹೆಸರಿಗೂ ಹಾಗೆಯೇ ಎರಡು ರೂಪಗಳಿವೆ.

ಐರಿಷ್ ಭಾಷೆಯಲ್ಲಿ ನಿಜವಾಗಿ ಬದಲಾಗುವುದು ಬೇರೆಯೇ: ಮಗಳಾದರೆ 'ಮ್ಯಾಕ್' ಜಾಗದಲ್ಲಿ 'ನಿಕ್' ಬರುತ್ತದೆ.