ಐಪಿ ಹಾಕೋ ಮುಂಚೆ ಜಾಣತನ ಬೇಡ

ಬಳ್ಳಾರಿಯಲ್ಲಿ ಯಾರಾದರೂ ನಾಲ್ಕು ದಿನ ಅಂಗಡಿ ಬಾಗಿಲು ತೆಗೆಯದಿದ್ದರೆ ಸಾಕು, 'ಐಪಿ ಹಾಕಿದನಂತೆ' ಅಂತ ಸುದ್ದಿ ಹಬ್ಬುತ್ತದೆ. ಐಪಿ ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಸಾಲ ತೀರಿಸೋಕಾಗಲ್ಲ, ದಿವಾಳಿ ಅಂತ ತೀರ್ಮಾನಿಸಿ ಅಂತ ಕೋರ್ಟಿಗೆ ಹಾಕೋ ಅರ್ಜಿ. ಊರವರ ಕಣ್ಣಿಗೆ ಅದು ಮೋಸ. ಸಾಲದಲ್ಲಿ ಮುಳುಗಿದವನಿಗೆ ಎಲ್ಲದರಿಂದ ಪಾರಾಗೋ ಮಂತ್ರ. ಇಬ್ಬರ ಲೆಕ್ಕವೂ ತಪ್ಪು.

ನಾನು ವಕೀಲನಲ್ಲ. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಸಾಲ ಕೈ ಮೀರಿದವರು ವಕೀಲರಿಗಿಂತ ಮೊದಲು ಬರೋದು ನಮ್ಮ ಹತ್ತಿರ, 'ಸಾರ್, ಒಂದು ಪಟ್ಟಿ ಮಾಡಿಕೊಡ್ರಿ' ಅಂತ. ನೋಡಿದ ಮಟ್ಟಿಗೆ ಹೇಳುತ್ತೇನೆ, ಹೆಚ್ಚಿನವರ ಐಪಿ ಕೆಡೋದು ಅರ್ಜಿಗೆ ಮುಂಚೆ ಮಾಡಿದ ಜಾಣತನದಿಂದಲೇ.

ಯೂಟ್ಯೂಬ್ ನೋಡಿ 2016ರ ಹೊಸ ದಿವಾಳಿ ಕಾಯ್ದೆ ಅಂತ ಮಾತಾಡುವವರಿದ್ದಾರೆ. ಅದರಲ್ಲಿ ವ್ಯಕ್ತಿಗಳ ಭಾಗ ಜಾರಿಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ, ಅದೂ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಎಷ್ಟು ಹಳೇದು ಅಂದರೆ, 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು!

ಪಟ್ಟಿ ಬರೆಯುವಾಗ ನೋಡಬೇಕು. ಬ್ಯಾಂಕ್, ಫೈನಾನ್ಸ್, ಬಟ್ಟೆ ಅಂಗಡಿ, ದಾರ, ಜಿಪ್ಪು, ವಾಷಿಂಗ್‌ನವರು, ಎಲ್ಲ ಪಟಪಟ ಹೇಳುತ್ತಾರೆ. ಆಮೇಲೆ ದನಿ ಇಳಿಯುತ್ತದೆ. 'ನಮ್ಮ ಭಾವನ ಹೆಸರು ಬರೀಬ್ಯಾಡ್ರಿ ಸಾರ್. ಅವರದು ಹೋದ ತಿಂಗಳೇ ಮುಟ್ಟಿಸೀನಿ.' ಅಲ್ಲೇ ಇರೋದು ಕುತ್ತು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದ ಒಬ್ಬರಿಗೆ ಮಾತ್ರ ಬೇಕಂತಲೇ ತೀರಿಸಿದ್ದು ಸಾಬೀತಾದರೆ, ಕೋರ್ಟು ಆ ಪಾವತಿಯನ್ನೇ ರದ್ದು ಮಾಡಬಹುದು. ಭಾವನ ಮರ್ಯಾದೆ ಉಳಿಸಲು ಹೋಗಿ ಭಾವನನ್ನೇ ಕೋರ್ಟಿಗೆ ಎಳೆದ ಹಾಗಾಗುತ್ತದೆ.

ಸೈಟನ್ನು ಹೆಂಡತಿಗೋ ತಮ್ಮನಿಗೋ ದಾನಪತ್ರ ಮಾಡಿಸೋದೂ ಇದೇ ಕಥೆ. ಹಾಗೆ ಬರೆದುಕೊಟ್ಟ ಎರಡು ವರ್ಷದೊಳಗೆ ಐಪಿ ಅರ್ಜಿ ಬಿದ್ದು ದಿವಾಳಿ ಅಂತ ತೀರ್ಮಾನವಾದರೆ, ಆ ಪತ್ರವನ್ನೂ ರದ್ದು ಮಾಡಿಸಬಹುದು. ರಿಜಿಸ್ಟ್ರೇಷನ್ ಖರ್ಚು ದಂಡ. ಮೇಲಾಗಿ ಇವನು ಆಸ್ತಿ ಮುಚ್ಚಿಟ್ಟವನು ಅಂತ ನ್ಯಾಯಾಧೀಶರ ಮುಂದೆ ಹೆಸರು ಬೇರೆ ಕೆಡುತ್ತದೆ.

ಬೇಸರ ಏನಂದರೆ, ಬಚ್ಚಿಡಬೇಕಿಲ್ಲದ್ದನ್ನೂ ಜನ ಹೆದರಿ ಬಚ್ಚಿಡುತ್ತಾರೆ. ಹಾಸಿಗೆ, ಅಡುಗೆ ಪಾತ್ರೆ, ಹೆಂಡತಿ ಕೊರಳಿನ ತಾಳಿ, ಕುಶಲಕರ್ಮಿಯ ಸಲಕರಣೆ, ರೈತನ ಎತ್ತು ಮತ್ತು ಬಿತ್ತನೆ ಬೀಜ, ಇವನ್ನು ಜಪ್ತಿ ಮಾಡುವಂತಿಲ್ಲ ಅಂತ ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಕಲಮೇ ಹೇಳುತ್ತದೆ.

ಇನ್ನು ಐಪಿ ಹಾಕಿದರೆ ಎಲ್ಲ ನಿಂತುಹೋಗುತ್ತದೆ ಅನ್ನೋ ಭ್ರಮೆ. ಬ್ಯಾಂಕಿನಲ್ಲಿ ಅಡ ಇಟ್ಟ ಬಂಗಾರ, ಮನೆ ಪತ್ರ, ಅವರ ಹಕ್ಕು ಅವರಿಗೇ. ಚೆಕ್ ಬೌನ್ಸ್ ಕೇಸು ಕ್ರಿಮಿನಲ್, ಅದು ತನ್ನಷ್ಟಕ್ಕೆ ನಡೀತದೆ. ನಿಮಗೆ ಕೋರ್ಟಿನಿಂದ ಸಾಲದ ಹೊಣೆಯಿಂದ ಬಿಡುಗಡೆ ಸಿಕ್ಕರೂ ಜಾಮೀನು ನಿಂತ ಗೆಳೆಯನಿಗೆ ಸಿಗೋದಿಲ್ಲ. ಪಾಪ, ಅವನಿಗಾದರೂ ಮೊದಲೇ ಹೇಳಿ. ವಕೀಲರ ನೋಟೀಸ್ ಒಂದನ್ನ ಸಾಲ ಕೊಟ್ಟವರಿಗೆಲ್ಲ ಕಳಿಸಿ ಐಪಿ ಆಯಿತು ಅಂತ ಊರು ಬಿಡುವವರೂ ಇದ್ದಾರೆ. ನೋಟೀಸ್ ಬರೀ ಕಾಗದ. ಅರ್ಜಿ ಕೋರ್ಟಿಗೆ ಬೀಳಬೇಕು, ಬಂಧನದಿಂದ ರಕ್ಷಣೆ ಬೇಕಿದ್ದರೆ ಅದನ್ನೂ ಬೇರೆಯಾಗಿ ಕೇಳಬೇಕು.

ದಿವಾಳಿ ಅಂತ ಆದೇಶ ಬಂತು ಅಂದ್ಕೊಳ್ಳಿ. ಅಲ್ಲಿಗೂ ಮುಗಿಯಲಿಲ್ಲ. ಬಿಡುಗಡೆಗೆ ಇಂತಿಷ್ಟು ಕಾಲದೊಳಗೆ ಅರ್ಜಿ ಹಾಕು ಅಂತ ಕೋರ್ಟೇ ಗಡುವು ಕೊಟ್ಟಿರುತ್ತದೆ. ಅದನ್ನು ಮರೆತು ಕೂತರೆ ಆದೇಶವೇ ರದ್ದಾಗಿ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಿಡುಗಡೆ ಸಿಗೋವರೆಗೆ, ತಾನು ದಿವಾಳಿ ಅಂತ ಹೇಳದೆ 50 ರೂಪಾಯಿ ಸಾಲ ತಗೊಂಡರೂ ಆರು ತಿಂಗಳವರೆಗೆ ಜೈಲು ಆಗಬಹುದು. ಐವತ್ತು ರೂಪಾಯಿ! ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿಂದು ಲೆಕ್ಕ ಬರೆಸೋಕೂ ಯೋಚಿಸಬೇಕು. ಈ ಮೊತ್ತವನ್ನು ಇಷ್ಟು ವರ್ಷ ಯಾರೂ ತಿದ್ದದೇ ಇದ್ದದ್ದು ನಾಚಿಕೆಗೇಡು ಅಂತಲೇ ನನ್ನ ಅನಿಸಿಕೆ.

ದುಡ್ಡಿಲ್ಲದವರು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ. ಐಪಿ ಹಾಕೋ ಫೀಸಿಗೆ ಮತ್ತೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಬೇಡಿ, ಮಾರಾಯರೇ.