ಒಳ್ಳೆ ಟೈಲರ್‌ನ ಎಬ್ಬಿಸಿ ಸೂಪರ್‌ವೈಸರ್ ಮಾಡೋ ಕಥೆ

ಗಾರ್ಮೆಂಟ್ಸಲ್ಲಿ 16 ವರ್ಷದಿಂದ ಇದೀನಿ, ಮೊದಲು ಪೀಣ್ಯ ಕಡೆ, ಈಗ ಮೈಸೂರ್ ರೋಡ್ ಕಡೆ. ಇಷ್ಟು ವರ್ಷದಲ್ಲಿ ಪ್ರಮೋಷನ್ ಅಂದ್ರೆ ನಾನು ನೋಡಿರೋದು ಒಂದೇ ಥರ. ಸೂಪರ್‌ವೈಸರ್ ಹೇಳದೆ ಕೇಳದೆ ಬಿಟ್ಟು ಹೋಗ್ತಾನೆ, ಶಿಪ್‌ಮೆಂಟ್ ತಲೆ ಮೇಲೆ ಕೂತಿರುತ್ತೆ, ಪ್ರೊಡಕ್ಷನ್ ಮ್ಯಾನೇಜರ್ ಬಂದು "ಈ ಲೈನಲ್ಲಿ ಯಾರಪ್ಪಾ ಫಾಸ್ಟು?" ಅಂತ ಕೇಳ್ತಾನೆ. ಮುಗೀತು, ಫಾಸ್ಟ್ ಇರೋರು ನಾಳೆಯಿಂದ ಸೂಪರ್‌ವೈಸರ್.

ಈ ತಪ್ಪು ನಾನೂ ಮಾಡಿದೀನಿ. ಕಾಲರ್ ಅಟ್ಯಾಚ್‌ಗೆ ಒಬ್ರು ಇದ್ರು, ಎ ಗ್ರೇಡ್ ಟೈಲರ್, ಅವರ ಬಂಡಲ್‌ಗೆ ಆಲ್ಟರೇಷನ್, ಅಂದ್ರೆ ಬಿಚ್ಚಿ ಸರಿ ಮಾಡಿ ಅಂತ ವಾಪಸ್ ಬಂದಿದ್ದು ನನಗೆ ನೆನಪೇ ಇಲ್ಲ. ನಾನೇ ಹೆಸರು ಕೊಟ್ಟೆ. ಮೂರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ನೋಡ್ತೀನಿ, ಗಂಟೆಗೆ ಎಷ್ಟು ಪೀಸ್ ಆಯ್ತು ಅಂತ ಬರೆಯೋ, ಲೈನ್ ತುದೀಲಿರೋ ಬೋರ್ಡ್ ಮೇಲೆ ಹತ್ತು ಗಂಟೆ ಲೆಕ್ಕಾನೇ ಬರೆದಿಲ್ಲ, ಸ್ಲೀವ್ ಹತ್ರ ಬಂಡಲ್ ಗುಡ್ಡೆ ಬಿದ್ದಿದೆ, ಕಫ್ ಹಾಕೋ ಇಬ್ರು ಕೈ ಕಟ್ಕೊಂಡು ಕೂತಿದಾರೆ, ಇವರು ನೋಡಿದ್ರೆ ಹೊಸ ಹುಡುಗೀನ ಎಬ್ಬಿಸಿ ಅವಳ ಮಿಷನ್ ಮೇಲೆ ತಾವೇ ಕೂತು ಕಾಲರ್ ಹೊಲೀತಿದಾರೆ, ಆ ಹುಡುಗಿ ಪಕ್ಕದಲ್ಲಿ ಕತ್ತರಿ ಹಿಡ್ಕೊಂಡು ಅಳೋ ಥರ ನಿಂತಿದೆ. "ಇವಳ ಕೈಲಾಗಲ್ಲ ಸಾರ್, ನಾನೇ ಹಾಕಿದ್ರೆ ಬೇಗ ಆಗುತ್ತೆ" ಅಂದ್ರು. ಆಗುತ್ತೆ, ಸುಳ್ಳಲ್ಲ. ಆದ್ರೆ ಉಳಿದ ನಲವತ್ತು ಮಿಷನ್ ಯಾರು ನೋಡೋದು? ಅದನ್ನ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಸೇರಿ.

ಎರಡು ತಿಂಗಳಿಗೆ ಅವರೂ ಕಿರುಚೋದು ಕಲಿತ್ರು. ಮೇಲಿನವರು ಅವರ ಮೇಲೆ, ಅವರು ಹುಡುಗೀರ ಮೇಲೆ. ಆಮೇಲೆ ಒಂದಿನ ವಾಪಸ್ ಮಿಷನ್ ಕೊಡಿ ಸಾರ್ ಅಂತ ಕೇಳಿದ್ರು, ಮೇಲಿಂದ ಒಪ್ಪಲಿಲ್ಲ, "ಡಿಮೋಷನ್ ಆಗುತ್ತೆ" ಅಂತೆ. ಬಿಟ್ಟು ಹೋದ್ರು.

ಇದೇನು ನಮ್ಮ ಫ್ಲೋರ್‌ದೊಂದೇ ಗೋಳಲ್ಲ ಬಿಡಿ. ಅಮೆರಿಕದಲ್ಲಿ 131 ಕಂಪನಿಗಳ ಸೇಲ್ಸ್ ಲೆಕ್ಕ ಇಟ್ಕೊಂಡು ಮಾಡಿದ ಅಧ್ಯಯನ 2019ರಲ್ಲಿ ಬಂತು, ಅಲ್ಲೂ ಜಾಸ್ತಿ ಮಾರಿದವರನ್ನೇ ಮ್ಯಾನೇಜರ್ ಮಾಡೋದು, ಅಂಥವರ ಕೈಕೆಳಗಿನವರ ಸೇಲ್ಸ್ ಬೀಳೋದು. ನನಗೆ ಇನ್ನೂ ಚುರುಕ್ ಅಂದಿದ್ದು ನಮ್ಮ ದೇಶದ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲೇ ನಡೆದ ಇನ್ನೊಂದು. ಯಾವ ಸೂಪರ್‌ವೈಸರ್‌ಗೆ ಟ್ರೈನಿಂಗ್ ಕೊಟ್ರೆ ಉಪಯೋಗ ಅಂತ ಮೇಲಿನ ಮ್ಯಾನೇಜರ್‌ಗಳನ್ನ ಮೊದಲೇ ಕೇಳಿದ್ರು, ಆಮೇಲೆ ಚೀಟಿ ಎತ್ತಿದ ಹಾಗೆ ಎಲ್ಲ ಥರದವರಿಗೂ ಕೊಟ್ರು. ಮ್ಯಾನೇಜರ್‌ಗಳು ಮೆಚ್ಚಿ ಹೆಸರು ಕೊಟ್ಟವರ ಲೈನಲ್ಲಿ ಪ್ರೊಡಕ್ಷನ್ ಏರಲೇ ಇಲ್ಲ, ಅವರ ಪಟ್ಟೀಲಿ ಕೆಳಗಿದ್ದವರದ್ದು ಸುಮಾರು 12% ಏರ್ತು. ಮ್ಯಾನೇಜರ್‌ಗಳಿಗೆ ಜನ ಗೊತ್ತಿರಲಿಲ್ಲ ಅಂತೇನಲ್ಲ, ಯಾರು ಬಿಟ್ಟು ಹೋದ್ರೆ ತಮಗೆ ತಲೆನೋವೋ ಅವರನ್ನ ಉಳಿಸಿಕೊಳ್ಳೋಕೆ ಅವರ ಹೆಸರು ಕೊಟ್ಟಿದ್ರು. ಓದ್ತಾ ನನ್ನ ಮುಖಾನೇ ಕಾಣ್ತು ಅದರಲ್ಲಿ.

ಈಗ ನಾನು ನೋಡೋದು, ಸೂಜಿ ಮುರಿದಾಗ, ಪೀಸ್ ಉಲ್ಟಾ ಆದಾಗ ಹುಡುಗೀರು ಮೆಲ್ಲಗೆ ಎದ್ದು ಯಾರ ಹತ್ರ ಹೋಗ್ತಾರೆ ಅಂತ. ನಮ್ಮ ಲೈನಲ್ಲಿ ಫೀಡಿಂಗ್ ಮಾಡೋ, ಅಂದ್ರೆ ಮಿಷನ್‌ಗಳಿಗೆ ಪೀಸ್ ತಂದು ಕೊಡೋ ಅಕ್ಕನ ಹತ್ರ ಹೋಗ್ತಿದ್ರು. ಸ್ಪೀಡಲ್ಲಿ ಮಾಮೂಲಿ, ಬಾಯಿ ಕಮ್ಮಿ. ಸೂಪರ್‌ವೈಸರ್ ಆಗ್ತೀರಾ ಅಂತ ಕೇಳಿದ್ರೆ ಬೇಡ ಅಂದ್ರು. "ನೋಡ್ದಾ, ಲೇಡೀಸ್‌ಗೆ ಇಂಟರೆಸ್ಟ್ ಇಲ್ಲ" ಅಂತ ಮ್ಯಾನೇಜರ್ ನಕ್ಕ. ಮಿಷನ್ ಮೇಲೆ ಕೂತಿರೋರೆಲ್ಲ ಹೆಂಗಸರು, ನಿಂತು ಕೂಗೋರು ಮಾತ್ರ ಗಂಡಸರು, ಯಾಕೆ ಅಂದ್ರೆ ಇದೇ ಉತ್ತರ ಪ್ರತಿ ಸಲ. ಬೇಡ ಯಾಕೆ ಅಕ್ಕಾ ಅಂತ ಕ್ಯಾಂಟೀನಲ್ಲಿ ಕೂತು ಕೇಳ್ದೆ. "ಬೆಲ್ ಹೊಡೆದ ಮೇಲೆ ನಿಮ್ಮ ಸೂಪರ್‌ವೈಸರ್ ಮೀಟಿಂಗ್ ಶುರು ಆಗುತ್ತೆ, ಅಷ್ಟೊತ್ತಿಗೆ ನಮ್ಮೂರ ಕಡೆ ಗಾಡಿ ಹೊರಟಿರುತ್ತೆ, ಆಮೇಲೆ ನೀವು ಬಿಡ್ತೀರಾ ಸಾರ್ ಮನೆಗೆ?"

ಮೀಟಿಂಗ್‌ನ ಊಟ ಆದ್ಮೇಲೆ ಎರಡು ಗಂಟೆಗೆ ಹಾಕಿದ್ವಿ. ಅದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ನನಗೆ ಮಾತ್ರ ಮೂರು ವಾರ ಜಗಳ ಆಯ್ತು. ಅಕ್ಕನ್ನ ಕಲಿಯೋಕೆ ಅಂತ ಮೂರು ತಿಂಗಳು ಹಳೇ ಸೂಪರ್‌ವೈಸರ್ ಜೊತೆ ಬಿಟ್ವಿ. ಬೆಳಗ್ಗೆ ಆಬ್ಸೆಂಟ್ ನೋಡಿ ಯಾರನ್ನ ಎಲ್ಲಿ ಕೂರಿಸ್ಬೇಕು, ತಪ್ಪು ಮಾಡಿದವಳಿಗೆ ಹತ್ತು ಜನರ ಎದುರಿಗೆ ಹೇಳದೆ ಹೆಂಗೆ ಹೇಳ್ಬೇಕು, ಆಗಲ್ಲ ಅಂತ ಮೇಲಿನವರಿಗೆ ಹೆಂಗೆ ಹೇಳ್ಬೇಕು, ಈ ಕೊನೇದೇ ಕಷ್ಟ, ನನಗೇ ಇನ್ನೂ ಸರಿಯಾಗಿ ಬರಲ್ಲ. ಇಷ್ಟ ಆಗ್ಲಿಲ್ಲ ಅಂದ್ರೆ ಹಳೇ ಕೆಲಸಕ್ಕೆ ವಾಪಸ್, ಸಂಬಳ ಕಮ್ಮಿ ಆಗಲ್ಲ ಅಂತ ಬರೆದೂ ಕೊಟ್ವಿ.

ಕಾಲರ್ ಟೈಲರ್ ಹೋದ್ ತಿಂಗಳು ಕೆಂಗೇರಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು, ಬೇರೆ ಫ್ಯಾಕ್ಟರೀಲಿ ಅದೇ ಕಾಲರ್ ಕೆಲಸವಂತೆ. "ಅಲ್ಲೂ ಸೂಪರ್‌ವೈಸರ್ ಆಗು ಅಂದ್ರು ಸಾರ್" ಅಂದ್ರು. ಏನಂದ್ರಿ ಅಂತ ಕೇಳ್ದೆ. ಟೈಲರಿಂಗೇ ಬರಲ್ಲ ಅನ್ನೋ ಹಾಗೆ ನಾಲ್ಕು ದಿನ ಬೇಕು ಬೇಕು ಅಂತ್ಲೇ ಸ್ಲೋ ಹೊಲಿದ್ರಂತೆ.